ಸ್ವಿಚ್ ಒತ್ತಿದರೆ ನೆಲಕ್ಕೆ ಕೂರುವ ಇಂಪಾಲಾ

ಒಂದು ಸ್ವಿಚ್ ಒತ್ತಿ. ಈ 1964ರ ಶೆವರ್ಲೆ ಇಂಪಾಲಾ ನೆಲಕ್ಕೆ ಕೂರುತ್ತೆ, ಮತ್ತೆ ಎದ್ದು ನಿಲ್ಲುತ್ತೆ! ಹೇಗೆ ಗೊತ್ತಾ?

ಇದು ಲೋರೈಡರ್, ಅಂದರೆ ನೆಲಕ್ಕೆ ತಗ್ಗಿಸಿದ ಕಾರು. ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಅಮೆರಿಕನ್ನರು ಬೆಳೆಸಿದ ಕಲೆ. ಚಕ್ರದ ರಿಮ್‌ಗಿಂತ ಕೆಳಕ್ಕೆ ಬಾಡಿ ಇಳಿಯಬಾರದು ಅಂತ 1958ರಲ್ಲಿ ಅಲ್ಲಿ ಕಾನೂನು ಬಂತು. ಕಾರುಪ್ರೇಮಿಗಳು ಬಿಡಲಿಲ್ಲ, ಬೇಕೆಂದಾಗ ಏರಿಸಿ ಇಳಿಸಲು ಹೈಡ್ರಾಲಿಕ್ಸ್ ಕೂರಿಸಿದರು. ಡಿಕ್ಕಿಯಲ್ಲಿ ಬ್ಯಾಟರಿ, ಪಂಪು. ಪಂಪು ಸಿಲಿಂಡರಿಗೆ ಎಣ್ಣೆ ನೂಕಿದರೆ ಕಾರು ಏಳುತ್ತೆ. ಎಣ್ಣೆ ವಾಪಸಾದರೆ ಇಳಿಯುತ್ತೆ.

ಫೋಟೊ ತೆಗೀಬೇಕಾ? ಸಂಜೆ ಬಿಸಿಲಲ್ಲಿ ಮಂಡಿಯೂರಿ, ಬಂಪರ್ ಮಟ್ಟದಿಂದ ತೆಗೀರಿ. ಪದರ ಪದರವಾಗಿ ಹಚ್ಚಿದ ಕ್ಯಾಂಡಿ ಪೇಂಟ್ ಆಗ ಒಳಗಿಂದಲೇ ಹೊಳೆಯುತ್ತೆ. ಕ್ರೋಮ್‌ನಲ್ಲಿ ನಿಮ್ಮ ಪ್ರತಿಬಿಂಬ ಬೀಳದಂತೆ ಪಕ್ಕಕ್ಕೆ ಸರೀರಿ.

2024ರಿಂದ ಕ್ಯಾಲಿಫೋರ್ನಿಯಾದಲ್ಲಿ 1958ರ ಆ ನಿರ್ಬಂಧ ಇಲ್ಲ. ಕೈಯಾರೆ ಕಟ್ಟಿದ ಕಾರನ್ನು ಈಗ ಊರ ಬೀದಿಯಲ್ಲಿ ರಾಜಾರೋಷವಾಗಿ ಓಡಿಸಬಹುದು!