ಪ್ಲೇಗಿನ ಕಟ್ಟಳೆಗಳೂ ಕೋವಿಡ್ ಕಾಲದ ಅಸಮಾಧಾನವೂ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ನಮ್ಮಲ್ಲಿ ಬಹುಮಟ್ಟಿಗೆ ವೈದ್ಯರೂ ಆಡಳಿತಗಾರರೂ ಬರೆದಿದ್ದಾರೆ. ಅಂತಹ ಬರಹಗಳಲ್ಲಿ ರೋಗವು ಬರುತ್ತದೆ. ಸರ್ಕಾರವು ಕ್ರಮ ಕೈಗೊಳ್ಳುತ್ತದೆ. ಜನರು ಅಜ್ಞಾನದಿಂದ ಅದಕ್ಕೆ ಅಡ್ಡಿಪಡಿಸುತ್ತಾರೆ. ಕಡೆಗೆ ರೋಗವು ಶಮನವಾಗುತ್ತದೆ. ಜನರು ಅಡ್ಡಿಪಡಿಸಿದುದೇಕೆಂಬ ಪ್ರಶ್ನೆಗೆ ‘ಅಜ್ಞಾನ’ವೆಂಬ ಒಂದೇ ಮಾತು ಉತ್ತರವಾಗಿ ನಿಲ್ಲುತ್ತದೆ. 2020ರಿಂದ 2022ರವರೆಗಿನ ಕೋವಿಡ್ ಕಾಲದಲ್ಲಿ, ವಿದ್ಯಾವಂತರಿಗೆ ಕೊರತೆಯಿಲ್ಲದ ಬೆಂಗಳೂರಿನ ದಕ್ಷಿಣ ಭಾಗದಲ್ಲಿಯೇ ಅದೇ ಬಗೆಯ ಕೋಪವೂ ಶಂಕೆಯೂ ತಲೆದೋರಿದುದನ್ನು ಕಂಡವರಿಗೆ ಈ ಉತ್ತರವು ಸಾಲದೆಂದು ತೋರದೆ ಇರದು. ಈ ಲೇಖನದಲ್ಲಿ 1898ರ ಪ್ಲೇಗಿನ ಕಾಲವನ್ನೂ ಕೋವಿಡ್ ಕಾಲವನ್ನೂ ಎದುರುಬದುರಾಗಿಟ್ಟು ಆ ಪ್ರಶ್ನೆಯನ್ನು ಮತ್ತೆ ಕೇಳಲಾಗಿದೆ.

ಈ ಲೇಖಕನು ಬೇಗೂರಿನ ನಿವಾಸಿ. ನಾಗೇಶ್ವರ ದೇವಾಲಯದ ಆವರಣದಲ್ಲಿ, ಸು. ಕ್ರಿ. ಶ. 890ರ, ‘ಬೆಂಗಳೂರು’ ಎಂಬ ಹೆಸರನ್ನು ಮೊದಲಿಗೆ ಹೇಳುವ ವೀರಗಲ್ಲು ದೊರೆತುದು ಈ ಊರಿನಲ್ಲಿಯೇ ಎಂಬುದನ್ನು ವಾಚಕರು ಬಲ್ಲರು. 2020ರ ಏಪ್ರಿಲ್ ತಿಂಗಳಿನಲ್ಲಿ, ಬೀದಿಗಳೆಲ್ಲ ಬಿಕೋ ಎನ್ನುತ್ತಿದ್ದಾಗ, ನಮ್ಮ ನೆರೆಯ ವೃದ್ಧೆಯೊಬ್ಬರು ಜಗಲಿಯಲ್ಲಿ ಕುಳಿತು ಹೇಳಿದ ಮಾತೊಂದು ಈ ವಿಚಾರಕ್ಕೆ ಮೂಲವಾಯಿತು. “ನಮ್ಮಜ್ಜಿ ಕಾಲದಲ್ಲಿ ಇಲಿ ಬಿದ್ದರೆ ಮನೆ ಬಿಟ್ಟು ಹೋಗಿ ಅಂತ ಅಟ್ಟುತ್ತಿದ್ದರಂತೆ ಕಣಪ್ಪ. ಈಗ ಮನೆ ಬಿಟ್ಟು ಬಂದರೆ ಹೊಡೀತಾರೆ. ರೋಗ ಬೇರೆ ಆದರೂ ದೊಣ್ಣೆ ಒಂದೇ ನೋಡು” ಎಂದರು. ಆ ಮಾತಿನಲ್ಲಿ ವಿನೋದವಿತ್ತು; ಆದರೆ ಕೇವಲ ವಿನೋದವಿರಲಿಲ್ಲ.

ಪ್ಲೇಗು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಮರುವರ್ಷ ಬ್ರಿಟಿಷ್ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಕೆಲವೇ ಕಲಮುಗಳ ಆ ಚಿಕ್ಕ ಕಾಯಿದೆಯು ಅಧಿಕಾರಿಗಳಿಗೆ ಕೊಟ್ಟ ಅಧಿಕಾರವು ಮಾತ್ರ ಚಿಕ್ಕದಾಗಿರಲಿಲ್ಲ. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ, ಗಡ್ಡೆಯೇನಾದರೂ ಎದ್ದಿದೆಯೇ ಎಂದು ಕಂಕುಳನ್ನೂ ತೊಡೆಯ ಸಂದನ್ನೂ ಪರೀಕ್ಷಿಸುವುದು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಶಿಬಿರಕ್ಕೂ ಸಾಗಿಸುವುದು, ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಬಟ್ಟೆಬರೆಗಳನ್ನು ಸುಡುವುದು, ಇವೆಲ್ಲವೂ ಆ ಅಧಿಕಾರದೊಳಗೆ ಅಡಗಿದ್ದುವು. ಪುಣೆಯಲ್ಲಿ ಸೈನಿಕರನ್ನು ಮನೆಯೊಳಕ್ಕೆ ನುಗ್ಗಿಸಿದುದರ ಪರಿಣಾಮವಾಗಿ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದುದು ಎಲ್ಲರಿಗೂ ತಿಳಿದ ಸಂಗತಿ.

ಹುಬ್ಬಳ್ಳಿ-ಧಾರವಾಡಗಳ ಕಡೆಯಿಂದ ರೈಲು ಹಾದಿಯನ್ನು ಹಿಡಿದು ರೋಗವು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಆಗ ಶೇಷಾದ್ರಿ ಅಯ್ಯರ್ ಅವರು ದಿವಾನರು, ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಲಾಯಿತು. ಜನರು ಗುಂಪುಗುಂಪಾಗಿ ಊರು ಬಿಟ್ಟರು. ನಗರ ಮತ್ತು ದಂಡುಪ್ರದೇಶ ಎರಡೂ ಕೂಡಿ 1891ರ ಜನಗಣತಿಯಲ್ಲಿ 1,80,366 ಇದ್ದ ಜನಸಂಖ್ಯೆಯು 1901ರಲ್ಲಿ 1,59,046ಕ್ಕೆ ಇಳಿಯಿತು. ಈ ಇಳಿಕೆಯಲ್ಲಿ ಸತ್ತವರೆಷ್ಟು, ಓಡಿಹೋದವರೆಷ್ಟು ಎಂದು ಗಣತಿಯ ಅಂಕೆಯೊಂದೇ ಹೇಳಲಾರದು.

ಇಲ್ಲಿ ಒಂದು ಸಂಗತಿಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಆ ಕಾಲದಲ್ಲಿ ಪ್ಲೇಗು ಹರಡುವ ಬಗೆಯು ವೈದ್ಯರಿಗೂ ಖಚಿತವಾಗಿ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ಮುಟ್ಟಿಸುತ್ತದೆಂದು ಫ್ರೆಂಚ್ ವೈದ್ಯ ಸಿಮೋನ್ 1898ರಲ್ಲಿಯೇ ಹೇಳಿದನಾದರೂ ಅದು ಸರ್ವಮಾನ್ಯವಾಗಲು ಸುಮಾರು ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅಧಿಕಾರಿಗಳು ಗೋಡೆಗೆ ಸುಣ್ಣ ಬಳಿಸಿದರು, ನೆಲಕ್ಕೆ ಔಷಧಿ ಸುರಿಸಿದರು, ಆರೋಗ್ಯವಂತರನ್ನು ನಿಲ್ದಾಣದಲ್ಲಿ ತಡೆದಿಟ್ಟರು. ಇವುಗಳಲ್ಲಿ ಬಹುಪಾಲು ನಿಷ್ಪ್ರಯೋಜಕ. ಆದರೆ ಇಲಿ ಬಿದ್ದೊಡನೆ ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಮಾರಿ ಕಳೆಯುವವರೆಗೆ ಅಲ್ಲಿರುವ ರೂಢಿಯು ನಮ್ಮ ಹಳ್ಳಿಗಳಲ್ಲಿ ಬೇಗನೆ ನೆಲೆಗೊಂಡಿತು. ಇಲಿಯಿಂದಲೂ ಚಿಗಟದಿಂದಲೂ ದೂರ ಹೋಗುವ ಈ ಉಪಾಯವೇ ಎಲ್ಲಕ್ಕಿಂತ ಹೆಚ್ಚು ಫಲಕಾರಿಯಾದುದೆಂದು ಮುಂದೆ ಸಿದ್ಧವಾಯಿತು. ಸರ್ಕಾರವೂ ಊರು ಖಾಲಿ ಮಾಡಿಸುವುದನ್ನೇ ಬಯಸುತ್ತಿತ್ತು. ಹಾಗಿರುವಲ್ಲಿ ಜಗಳವೆಲ್ಲಿಂದ ಬಂದಿತು? ಜನರು ತಾವಾಗಿಯೇ ಹೊಲಕ್ಕೆ ಹೋದಾಗ ದನಕರು, ಕಾಳುಕಡಿ, ಒಲೆ, ದೇವರು ಎಲ್ಲವೂ ಅವರ ಜೊತೆಯಲ್ಲಿ ಹೋಗುತ್ತಿದ್ದುವು. ಅಧಿಕಾರಿಯು ಅಟ್ಟಿದಾಗ ಮನುಷ್ಯನು ಮಾತ್ರ ಹೋಗಬೇಕಾಗುತ್ತಿತ್ತು; ಯಾವಾಗ ಹೋಗಬೇಕು, ಯಾರೊಡನೆ ಇರಬೇಕು, ಯಾವಾಗ ಹಿಂದಿರುಗಬೇಕು ಎಂಬುದು ಅವನ ಕೈಯಲ್ಲಿರುತ್ತಿರಲಿಲ್ಲ. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1898ರ ಕೊನೆಯಲ್ಲಿ ನಡೆದ ಪ್ಲೇಗ್ ದೊಂಬಿಯನ್ನು ಈ ದೃಷ್ಟಿಯಿಂದ ನೋಡುವುದು ಯುಕ್ತ. ಮಾಡಬೇಕಾದ ಕೆಲಸದ ವಿಷಯದಲ್ಲಿ ಉಭಯರಿಗೂ ಭಿನ್ನಾಭಿಪ್ರಾಯವು ಅಷ್ಟಾಗಿ ಇರಲಿಲ್ಲ. ಅದನ್ನು ಮಾಡಿಸುವ ರೀತಿಯ ಮೇಲೆಯೇ ರೋಷವೆಲ್ಲ ತಿರುಗಿತ್ತೆಂಬುದು ಈ ಲೇಖಕನ ಅಭಿಪ್ರಾಯ. ಶತಮಾನವು ಮುಗಿಯುವ ವೇಳೆಗೆ ಭಾರತ ಸರ್ಕಾರವೇ ಬಲಾತ್ಕಾರದ ಕ್ರಮಗಳನ್ನು ಸಡಿಲಿಸಿತು.

ಲಸಿಕೆಯ ಚರಿತ್ರೆಯಲ್ಲಿ ಹುಬ್ಬಳ್ಳಿಗೆ ವಿಶೇಷ ಸ್ಥಾನವಿದೆ. ಹಾಫ್ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಆ ಲಸಿಕೆಯನ್ನು ಹಾಕಿಸಿಕೊಂಡರು. ಆ ಊರಿನ ಗಾತ್ರಕ್ಕೆ ಇದು ಆಶ್ಚರ್ಯಕರವಾದ ಸಂಖ್ಯೆ. ಕಾನೂನಿನಂತೆ ಅದು ಕಡ್ಡಾಯವಲ್ಲ. ಆದರೆ ಲಸಿಕೆಯ ಪ್ರಮಾಣಪತ್ರವುಳ್ಳವರಿಗೆ ಪ್ರಯಾಣದ ತಡೆ, ಶಿಬಿರವಾಸ ಮೊದಲಾದ ನಿರ್ಬಂಧಗಳಿಂದ ವಿನಾಯಿತಿ ಕೊಡುವ ಪದ್ಧತಿಯು ಆ ಕಾಲದಲ್ಲಿಯೇ ಬಳಕೆಗೆ ಬಂದಿತ್ತು. ಬಲವಂತವೆಂದು ಹೇಳುವಂತಿಲ್ಲ, ಸ್ವೇಚ್ಛೆಯೆಂದು ಒಪ್ಪುವಂತಿಲ್ಲ. ಈ ನಡುವಣ ಸ್ಥಿತಿಯು ನಮ್ಮ ಕಾಲದವರಿಗೆ ಚೆನ್ನಾಗಿ ಪರಿಚಿತವಾದುದೇ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ, ಕಲುಷಿತವಾದ ಒಂದೇ ಸೀಸೆಯ ಲಸಿಕೆಯಿಂದ 19 ಮಂದಿ ಧನುರ್ವಾಯುವಿಗೆ ತುತ್ತಾದರು. ಹಾಫ್ಕಿನ್‌ನ ಮೇಲೆ ಬಂದ ಅಪವಾದವು ನೀಗಲು 1907ರವರೆಗೆ ಕಾಯಬೇಕಾಯಿತು. ಲಸಿಕೆಗೆ ಹೆದರಿದವರೆಲ್ಲರೂ ಮೂಢರೆಂದು ತೀರ್ಮಾನಿಸುವ ಮೊದಲು ಈ ಪ್ರಸಂಗವನ್ನು ನೆನೆಯಬೇಕು. ಲಸಿಕೆಯು ಒಳ್ಳೆಯದೇ, ಸೀಸೆಯು ಕೆಟ್ಟಿತ್ತು, ಕೆಟ್ಟ ಸೀಸೆಯ ಸುದ್ದಿಯನ್ನು ಪೂರ್ಣವಾಗಿ ತಿಳಿಸಬೇಕಾದವರು ಬೇಗ ತಿಳಿಸಲಿಲ್ಲ.

ಪ್ಲೇಗು ಬೆಂಗಳೂರಿಗೆ ಕೊಟ್ಟ ಕೊಡುಗೆಯೂ ಉಂಟು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ಯೋಜನೆಯು ಮೊದಲೇ ಆಗಿದ್ದರೂ ಜನರನ್ನು ಪೇಟೆಯಿಂದ ಅಲ್ಲಿಗೆ ಎಳೆದುದು ಪ್ಲೇಗಿನ ಭಯವೇ. ದಂಡುಪ್ರದೇಶದ ಫ್ರೇಸರ್ ಟೌನ್ ಕೂಡ ಅದರ ಫಲ; ಅಲ್ಲಿ ಇಲಿ ನುಸುಳದಂತಹ ಮನೆಗಳನ್ನು ಯೋಜಿಸಿದ ಜೆ. ಎಚ್. ಸ್ಟೀಫನ್ಸ್ ಈ ವಿಷಯವಾಗಿ 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅಗಲವಾದ ಬೀದಿ, ಹಿತ್ತಿಲ ಓಣಿ, ಗಾಳಿಬೆಳಕು, ಇವೆಲ್ಲ ಸೈಟು ಕೊಳ್ಳಬಲ್ಲವರ ಪಾಲಿಗೆ ಬಂದುವು. ಉಳಿದವರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು.

1897ರ ಜೂನ್ 22ರಂದು, ಎಂದರೆ ಪುಣೆಯಲ್ಲಿ ಗುಂಡು ಹಾರಿದ ದಿನವೇ, ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಅಡಿಗಲ್ಲು ಬಿದ್ದಿತು. 1900ರ ಡಿಸೆಂಬರ್ 8ರಂದು ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದನು. ಅಂದರೆ ನಗರಕ್ಕೆ ಅತ್ಯಂತ ಅಗತ್ಯವಾಗಿದ್ದ ಎರಡು ವರ್ಷಗಳಲ್ಲಿ ಆ ಆಸ್ಪತ್ರೆಯು ಬಾಗಿಲು ತೆರೆದಿರಲಿಲ್ಲ. 120 ವರ್ಷಗಳ ತರುವಾಯ, 2020ರಲ್ಲಿ, ಅದೇ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗಾಗಿಯೇ ಮೀಸಲಿಡಲಾಯಿತು. ಬೇರೆ ಕಾಯಿಲೆಗಳ ಬಡ ರೋಗಿಗಳು ಬೇರೆ ಬಾಗಿಲುಗಳನ್ನು ಹುಡುಕಿಕೊಂಡು ಹೋಗಬೇಕಾಯಿತು.

ಇನ್ನು ನಮ್ಮ ಕಾಲದ ಸಂಗತಿಗಳು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಂದ್ ಆಯಿತು. ಉಸಿರಿನಿಂದ ಹರಡುವ ರೋಗಕ್ಕೆ ಜನರ ಓಡಾಟವನ್ನು ತಡೆಯುವುದು ಸಕಾರಣವೇ ಆದರೂ ‘ಮನೆಯಲ್ಲಿರಿ’ ಎಂಬ ಆಜ್ಞೆಯು ಎಲ್ಲರೂ ಒಂದೇ ಬಗೆಯ ಮನೆಯಲ್ಲಿರುವರೆಂದು ಭಾವಿಸಿತ್ತು. ಬೇಗೂರು-ಬೊಮ್ಮನಹಳ್ಳಿಗಳ ವಠಾರಗಳಲ್ಲಿ ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಗಾರ್ಮೆಂಟ್ ಕೆಲಸಗಾರರು ಬಾಡಿಗೆಗಿರುತ್ತಾರೆ. ನಲ್ಲಿಯೂ ಕಕ್ಕಸೂ ಸಾಮಾನ್ಯ. ಅವರಿಗೆ ಮನೆಯಲ್ಲಿರುವುದೆಂದರೆ ಗುಂಪಿನಲ್ಲಿರುವುದು. ಊರಿಗೆ ಹೋಗುವೆವೆಂದವರಿಗೆ ರೈಲು ಇರಲಿಲ್ಲ. 2020ರ ಮೇ ತಿಂಗಳ ಮೊದಲ ವಾರದಲ್ಲಿ ವಲಸೆ ಕಾರ್ಮಿಕರ ವಿಶೇಷ ರೈಲುಗಳನ್ನು ರಾಜ್ಯ ಸರ್ಕಾರವು ರದ್ದುಪಡಿಸಿ, ತೀವ್ರ ಟೀಕೆ ಬಂದ ಮೇಲೆ ಪುನಃ ಆರಂಭಿಸಿತು. ಅದೇ ವರ್ಷದ ಜುಲೈನಲ್ಲಿ ದೊಮ್ಮಲೂರಿನಲ್ಲಿ ಎರಡು ಮನೆಗಳ ಬಾಗಿಲಿಗೆ ಪಾಲಿಕೆಯವರು ತಗಡು ಹೊಡೆದರು. ಒಳಗೆ ಮಕ್ಕಳೂ ವೃದ್ಧರೂ ಇದ್ದರು. ಆಯುಕ್ತರು ಕ್ಷಮೆ ಕೇಳಿ ತಗಡನ್ನು ತೆಗೆಸಿದರು. ಹೆಂಚು ತೆಗೆಸಿದ ಕಾಲವನ್ನು ಓದಿದವರಿಗೆ ಈ ತಗಡು ಹೊಸದಾಗಿ ಕಾಣಲಿಲ್ಲ. ಆದರೆ ಕ್ಷಮೆ ಕೇಳಿದುದು ಹೊಸದು. ಅದನ್ನೂ ದಾಖಲಿಸುವುದು ನ್ಯಾಯ.

ಸೇವೆ ಮಾಡುವವರಿಗೂ ಅಸಮಾಧಾನವಿತ್ತು. ಮನೆಮನೆ ತಿರುಗಿ ರೋಗಿಗಳನ್ನು ಗುರುತಿಸಿದ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ 12 ಸಾವಿರ ರೂಪಾಯಿ ಗೌರವಧನಕ್ಕಾಗಿಯೂ ರಕ್ಷಣಾ ಸಾಮಗ್ರಿಗಾಗಿಯೂ ಮುಷ್ಕರ ಹೂಡಿದರು. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ 10,100 ಹಾಸಿಗೆಗಳ ಆರೈಕೆ ಕೇಂದ್ರವನ್ನು ತೆರೆದು ಸೆಪ್ಟೆಂಬರಿನಲ್ಲಿ ಮುಚ್ಚಲಾಯಿತು. ಅಲ್ಲಿದ್ದುದು ಮಂಚ, 2021ರ ಏಪ್ರಿಲಿನಲ್ಲಿ ಬೇಕಾದುದು ಆಮ್ಲಜನಕ, ದಾದಿಯರು, ತೀವ್ರ ನಿಗಾ ಘಟಕ. ಆಗ ಬೆಂಗಳೂರಿನಲ್ಲಿ ರೋಗಿಗೆ ಹಾಸಿಗೆ ದೊರೆಯಬೇಕಾದರೆ ಮೊದಲು ಬಿ.ಯು. ಸಂಖ್ಯೆಯೆಂಬುದು ದೊರೆಯಬೇಕಾಗಿತ್ತು. ನಮ್ಮ ಬೀದಿಯ ಒಬ್ಬರಿಗೆ ಆ ಸಂಖ್ಯೆಯು ಬರುವ ಹೊತ್ತಿಗೆ ಅವರ ಮಗನು ಕೂಡ್ಲು ಚಿತಾಗಾರದ ಹೊರಗೆ ಸರದಿಯಲ್ಲಿ ನಿಂತಿದ್ದನು. ಇದಕ್ಕಿಂತ ಹೆಚ್ಚಾಗಿ ಆ ದಿನಗಳನ್ನು ವರ್ಣಿಸಲು ಈ ಲೇಖಕನಿಗೆ ಮನಸ್ಸಿಲ್ಲ. ಮೇ 2ರ ರಾತ್ರಿಯಿಂದ 3ರವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ, ಆಮ್ಲಜನಕದ ಅಭಾವದ ನಡುವೆ, 24 ರೋಗಿಗಳು ತೀರಿಕೊಂಡರು. ಎರಡು ದಿನಗಳ ಬಳಿಕ ರಾಜ್ಯಕ್ಕೆ ದಿನಂಪ್ರತಿ 1,200 ಟನ್ ಆಮ್ಲಜನಕವನ್ನು ಒದಗಿಸುವಂತೆ ಉಚ್ಚ ನ್ಯಾಯಾಲಯವು ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿತು.

ಅದೇ ತಿಂಗಳಿನಲ್ಲಿ 18ರಿಂದ 44 ವಯಸ್ಸಿನವರಿಗೆ ಲಸಿಕೆಯ ಬಾಗಿಲು ತೆರೆದು, ದಾಸ್ತಾನು ಇಲ್ಲದೆ ಮುಚ್ಚಿತು. ನಗರದ ವಿದ್ಯಾವಂತರು ಮೊಬೈಲಿನಲ್ಲಿ ದೂರದ ಹಳ್ಳಿಗಳ ಸರದಿಗಳನ್ನು ಕಾದಿರಿಸಿ ಕಾರಿನಲ್ಲಿ ಹೋಗಿ ಹಾಕಿಸಿಕೊಂಡು ಬಂದರು. ಆ ಹಳ್ಳಿಯವರು ಅವರನ್ನು ನೋಡುತ್ತ ನಿಂತರು. ಅದೇ ವರ್ಷದ ಡಿಸೆಂಬರಿನಲ್ಲಿ, ಒಮಿಕ್ರಾನ್ ತಳಿಯ ದೇಶದ ಮೊದಲ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಕೂಡಲೇ, ಎರಡು ಡೋಸು ಪಡೆಯದವರಿಗೆ ಚಿತ್ರಮಂದಿರಗಳಿಗೂ ಮಾಲ್‌ಗಳಿಗೂ ಪ್ರವೇಶವಿಲ್ಲವೆಂದು ರಾಜ್ಯ ಸರ್ಕಾರವು ಆಜ್ಞೆ ಹೊರಡಿಸಿತು. ಬೇಸಗೆಯಲ್ಲಿ ಬೇಡಿದರೂ ದೊರೆಯದ ವಸ್ತುವನ್ನು ಚಳಿಗಾಲದಲ್ಲಿ ಪಡೆಯದಿದ್ದುದು ತಪ್ಪಾಯಿತು. ಕಡ್ಡಾಯದ ಬಗೆಗಿನ ಅಸಮಾಧಾನದಲ್ಲಿ ಈ ಕಹಿಯೂ ಬೆರೆತಿತ್ತೆಂಬುದು ಕೇವಲ ವೈದ್ಯಕೀಯ ದೃಷ್ಟಿಯಿಂದ ನೋಡುವವರಿಗೆ ಹೊಳೆಯದು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರ್ಕಾರದ ಲಸಿಕಾ ನೀತಿಯು ಅಸಮಂಜಸವಲ್ಲವೆಂದೂ, ಆದರೆ ಯಾರನ್ನೂ ಲಸಿಕೆಗೆ ಬಲವಂತಪಡಿಸಲಾಗದೆಂದೂ, ನಿರ್ಬಂಧಗಳು ರೋಗದ ಅಪಾಯಕ್ಕೆ ತಕ್ಕ ಪ್ರಮಾಣದಲ್ಲಿರಬೇಕೆಂದೂ ತೀರ್ಪಿತ್ತಿತು. ಲಸಿಕೆಯ ದುಷ್ಪರಿಣಾಮಗಳ ವರದಿಗಳು ಸಾರ್ವಜನಿಕರಿಗೆ ದೊರೆಯಬೇಕೆಂದೂ ಹೇಳಿತು. ಮುಲ್ಕೋವಾಲಿನ ಸೀಸೆಯನ್ನು ಬಲ್ಲವರಿಗೆ ಈ ಕಡೆಯ ಮಾತಿನ ಬೆಲೆ ತಿಳಿಯುತ್ತದೆ.

ಈ ಎರಡು ಕಾಲಗಳಿಗೆ ಸಮೀಕರಣ ಹಾಕುವುದು ಈ ಲೇಖಕನ ಉದ್ದೇಶವಲ್ಲ. 1898ರ ಪ್ರಜೆಗೆ ನ್ಯಾಯಾಲಯದ ಬಾಗಿಲೂ ಇರಲಿಲ್ಲ, ಮತದಾನವೂ ಇರಲಿಲ್ಲ. ಅಂದಿನ ವೈದ್ಯಕ್ಕೆ ತಿಳಿಯದಿದ್ದುದು ಬಹಳ. ಇಂದಿನ ಲಸಿಕೆಯು ಅಸಂಖ್ಯಾತ ಪ್ರಾಣಗಳನ್ನು ಉಳಿಸಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಆಕರಗಳ ವಿಷಯದಲ್ಲಿ ಎರಡು ಕಾಲಗಳೂ ಒಂದೇ ಆಗುವ ಭಯವಿದೆ. ಪ್ಲೇಗಿನ ಕಾಲದಿಂದ ನಮಗೆ ಉಳಿದಿರುವ ಕಾಗದಪತ್ರಗಳು ಹೆಚ್ಚಾಗಿ ಅಧಿಕಾರಿಗಳವು. ಗಂಜಾಂನ ಜನರು ಏನೆಂದರೆಂಬುದನ್ನು ನಾವು ಅವರನ್ನು ಚದುರಿಸಿದವರ ಬಾಯಿಂದಲೇ ಕೇಳಬೇಕಾಗಿದೆ. ಕೋವಿಡ್ ಕಾಲದ ಸರ್ಕಾರಿ ಅಂಕಿ-ಅಂಶಗಳೂ ಹಾಗೆಯೇ ಉಳಿಯುವುವು. ರೇಷನ್ನಿನ ಸರದಿಯ ಚೀಟಿ, ಆಸ್ಪತ್ರೆಯ ಬಿಲ್ಲು, ಊರಿಗೆ ನಡೆದು ಹೋದವರ ಮಾತು, ಆಶಾ ಕಾರ್ಯಕರ್ತೆಯರ ದಿನಚರಿಯ ಪುಸ್ತಕ, ಇವುಗಳನ್ನು ಕೂಡಿಡುವ ಕೆಲಸವನ್ನು ನಮ್ಮ ಕೆಲವು ವಿದ್ಯಾರ್ಥಿಗಳು ಬೇಗೂರು ಹೋಬಳಿಯಲ್ಲಿ ಕೈಗೊಂಡಿದ್ದಾರೆ. ನಾಗೇಶ್ವರ ದೇವಾಲಯಕ್ಕೆ ಹೋಗುವ ದಾರಿಯ ವಠಾರವೊಂದರ ಬಾಗಿಲ ಮೇಲೆ ‘ಈ ಮನೆಗೆ ಭೇಟಿ ನೀಡಬಾರದು’ ಎಂಬ ಚೀಟಿಯು ಅರ್ಧ ಹರಿದು ಇನ್ನೂ ಅಂಟಿಕೊಂಡಿದೆ. ಮನೆಯ ಯಜಮಾನರು ಅದನ್ನು ಕೊಡಲು ಒಪ್ಪಿದ್ದಾರೆ. ಬಾಗಿಲಿಗೆ ಬಣ್ಣ ಹೊಡೆಸುವ ಮೊದಲು ಬಂದು ತೆಗೆದುಕೊಂಡು ಹೋಗಬೇಕೆಂದು ಹೇಳಿದ್ದಾರೆ.