ಕೈಗುಣವೂ ಪಾಕವಿಧಾನವೂ

ಅತಿಥಿಗಳು ಊಟವನ್ನು ಮುಗಿಸಿ, ‘ಈ ಸಾರನ್ನು ಹೇಗೆ ಮಾಡಿದಿರಿ?’ ಎಂದು ಕೇಳಿದರೆ, ಮನೆಯಾಕೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅದರಲ್ಲೇನಿದೆ? ಎಲ್ಲರೂ ಮಾಡುವ ಹಾಗೆಯೇ. ಬೇಳೆ, ಹುಣಿಸೆಹಣ್ಣು, ಉಪ್ಪು, ಒಂದಿಷ್ಟು ಪುಡಿ.’ ಕೇಳಿದವರು ತಮ್ಮ ಮನೆಯಲ್ಲಿ ಹಾಗೆಯೇ ಮಾಡುತ್ತಾರೆ. ಸಾರೇನೋ ಆಗುತ್ತದೆ, ಆದರೆ ಆ ಸಾರು ಆಗುವುದಿಲ್ಲ. ಆಗ ನಾವೆಲ್ಲರೂ ‘ಅದು ಅವರ ಕೈಗುಣ’ ಎಂದು ಸಮಾಧಾನ ತಂದುಕೊಳ್ಳುತ್ತೇವೆ. ಈ ಕೈಗುಣವೆಂಬುದು ದೈವದತ್ತವಾದ ವರವೋ ಅಥವಾ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡಬಹುದಾದ ವಿದ್ಯೆಯೋ ಎಂಬುದನ್ನು ಇಂದು ಸ್ವಲ್ಪ ವಿಚಾರಮಾಡೋಣ. ಅದು ಬಹುಮಟ್ಟಿಗೆ ವಿದ್ಯೆಯೇ ಎಂಬುದು ನಮ್ಮ ಅಭಿಪ್ರಾಯ.

ಪಾಕವಿದ್ಯೆಯನ್ನು ಬರೆದಿಡುವುದು ಕನ್ನಡಿಗರಿಗೆ ಹೊಸದಲ್ಲ. 11ನೆಯ ಶತಮಾನದ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಅಡಿಗೆಯ ವಿಷಯಕ್ಕೂ ಸ್ಥಾನವನ್ನು ಕೊಟ್ಟನು. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಬರೆದುದನ್ನು ಕಾಲಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದೂ ನಮಗೆ ಹೊಸದಲ್ಲ. ಇಂದು ನಮ್ಮ ಸಾರಿನ ಪುಡಿಯ ಜೀವವೆನಿಸಿರುವ ಮೆಣಸಿನಕಾಯಿಯು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳೊಡನೆ ಇತ್ತ ಬಂದಿತು. ಅದಕ್ಕೆ ಮೊದಲು ಖಾರದ ಹೊಣೆಯನ್ನು ಹೊತ್ತಿದ್ದುದು ಕರಿಮೆಣಸು. ಪರದೇಶದ ಕಾಯಿಗೆ ಮೆಣಸಿನ ಹೆಸರನ್ನೇ ಕೊಟ್ಟು, ಮೆಣಸಿನ ಕೆಲಸಕ್ಕೆ ಅದನ್ನು ನಿಲ್ಲಿಸಿದ ಆ ಅಜ್ಞಾತ ಗೃಹಿಣಿಯರು ದೊಡ್ಡ ಪ್ರಯೋಗಶೀಲರೇ ಸರಿ.

ಹಾಗಾದರೆ ಒಂದು ಪಾಕವನ್ನು ಇನ್ನೊಬ್ಬರಿಗೆ ಕೊಡುವಾಗ ಏನನ್ನು ಕೊಡಬೇಕು? ಮೊದಲನೆಯದಾಗಿ ಪ್ರಮಾಣ. ಇಲ್ಲಿ ಪ್ರಮಾಣವೆಂದರೆ ತೂಕವೇ ಅಲ್ಲ, ಒಂದಕ್ಕೊಂದು ಇರುವ ಸಂಬಂಧ. ಅಜ್ಜಿಯು ಇಟ್ಟ ಹಳೆಯ ಪುಸ್ತಕದಲ್ಲಿ ‘ಒಂದಾಣೆಯ ಕೊತ್ತಂಬರಿಸೊಪ್ಪು’ ಎಂದು ಇದ್ದರೆ ಮೊಮ್ಮಗಳು ಏನು ಮಾಡಬೇಕು? 1957ರಲ್ಲಿ ದಶಮಾಂಶ ನಾಣ್ಯ ಬಂದು ಆಣೆಯು ಹೋಯಿತು. ಸೊಪ್ಪಿನ ಬೆಲೆಯಂತೂ ದಿನಕ್ಕೊಂದು. 1956ರ ಶಾಸನದ ತರುವಾಯ ಸೇರು, ಚಟಾಕು, ತೊಲಗಳು ಕ್ರಮಕ್ರಮವಾಗಿ ಹಿಂದೆ ಸರಿದು ಕಿಲೋಗ್ರಾಮು ಬಂದಿತು. ಆದರೆ ಅದೇ ಪುಸ್ತಕದಲ್ಲಿ ‘ಒಂದು ಪಾವು ಉದ್ದಿನಬೇಳೆಗೆ ಎರಡು ಪಾವು ಅಕ್ಕಿ’ ಎಂದಿದ್ದರೆ, ಪಾವನ್ನು ಕಣ್ಣಿನಿಂದ ಕಾಣದವರೂ ಒಂದು ಲೋಟ, ಎರಡು ಲೋಟವೆಂದು ಅಳೆದು ಇಡ್ಲಿಯನ್ನು ಮಾಡಬಹುದು. ಅಳತೆಯ ಹೆಸರು ಅಳಿದರೂ ಸಂಬಂಧವು ಉಳಿಯುತ್ತದೆ.

ಎರಡನೆಯದು ಗುರುತು. ಮೈಸೂರು ಪಾಕನ್ನು ತೆಗೆದುಕೊಳ್ಳಿ. ‘ಸಕ್ಕರೆಯನ್ನು ಹತ್ತು ನಿಮಿಷ ಕುದಿಸಿ’ ಎಂದು ಹೇಳುವುದು ನಿರರ್ಥಕ. ನಮ್ಮ ಒಲೆಯ ಉರಿ ಬೇರೆ, ನಿಮ್ಮದು ಬೇರೆ. ‘ಬೆರಳುಗಳ ನಡುವೆ ಒಂದೆಳೆ ಬರುವವರೆಗೆ’ ಎಂದರೆ ಮಾತು ಮುಗಿಯಿತು. ನೀರು ಆವಿಯಾದಷ್ಟೂ ಪಾಕದಲ್ಲಿ ಸಕ್ಕರೆಯ ಭಾಗವು ಹೆಚ್ಚುತ್ತದೆ. ಆ ಎಳೆಯೇ ಅದರ ಮಾಪಕ. ಎಳೆ ಬರುವ ಮುನ್ನ ಹಿಟ್ಟನ್ನು ಹಾಕಿದರೆ ಪಾಕು ಗಟ್ಟಿಯಾಗದು, ಮೀರಿದರೆ ಕಲ್ಲಾಗುತ್ತದೆ. ಹಾಗೆಯೇ ತುಪ್ಪವು ಚೆನ್ನಾಗಿ ಕಾದಿರಬೇಕೆಂಬ ನಿಯಮ: ಕಾದ ತುಪ್ಪವು ಬಿದ್ದೊಡನೆ ಮಿಶ್ರಣದಲ್ಲಿರುವ ನೀರು ಹಬೆಯಾಗಿ ಉಕ್ಕಿ, ನಾವು ಮೆಚ್ಚುವ ಆ ಸಣ್ಣ ಗೂಡುಗಳನ್ನು ಉಂಟುಮಾಡುತ್ತದೆ. ಮಿಶ್ರಣವು ಬಾಣಲೆಯ ಅಂಚನ್ನು ಬಿಟ್ಟು ಬರುವುದು ಇಳಿಸಬೇಕೆಂಬುದರ ಸೂಚನೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕಾರಣ. ತೊಗರಿಬೇಳೆಯು ಬೆಂದ ಮೇಲೆಯೇ ಹುಣಿಸೆಯ ರಸವನ್ನು ಹಾಕಬೇಕೆಂದು ನಮ್ಮ ತಾಯಂದಿರು ಹೇಳುತ್ತಿದ್ದರು; ಏಕೆಂದು ಕೇಳಿದರೆ ‘ಹಾಗೆಯೇ ರೂಢಿ’ ಎನ್ನುತ್ತಿದ್ದರು. ರೂಢಿಯಲ್ಲಿ ಅರ್ಥವುಂಟು. ಹುಳಿಯಿದ್ದ ನೀರಿನಲ್ಲಿ ಬೇಳೆಯ ಜೀವಕೋಶಗಳನ್ನು ಹಿಡಿದಿಡುವ ಅಂಟು ಬೇಗ ಕರಗುವುದಿಲ್ಲವಾದುದರಿಂದ ಬೇಳೆಯು ಎಷ್ಟು ಹೊತ್ತಾದರೂ ಬೇಯದೆ ಉಳಿಯುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಬಂದವರು ‘ಇಲ್ಲಿಯ ಬೇಳೆ ಸರಿಯಿಲ್ಲ’ ಎಂದು ದೂರುವುದುಂಟು. ದೋಷವು ಬೇಳೆಯದೇ ಆಗಿರಬೇಕಾಗಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಅಲ್ಲಿ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸುವಾಗ ಹೆಚ್ಚು ಹೊತ್ತು ಹಿಡಿಯುವುದು ಸಹಜ. ಕರಾವಳಿಯ ಸೆಕೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಉಕ್ಕುವ ಇಡ್ಲಿಯ ಹಿಟ್ಟು ಮಾಗಿಯ ಚಳಿಯಲ್ಲಿ ಇಲ್ಲಿ ಮಲಗಿಯೇ ಇರುತ್ತದೆ. ಹುದುಗಿಸುವ ಸೂಕ್ಷ್ಮಜೀವಿಗಳಿಗೆ ಬೆಚ್ಚಗಿನ ಸ್ಥಳವು ಬೇಕೆಂಬ ಕಾರಣವನ್ನು ಬಲ್ಲವರು ಪಾತ್ರೆಯನ್ನು ಒಲೆಯ ಬಳಿಯಲ್ಲಿಡುತ್ತಾರೆ. ಬಲ್ಲದವರು ಸೋಡವನ್ನು ಸುರಿಯುತ್ತಾರೆ.

ಕಾರಣವನ್ನು ತಿಳಿದವರಿಗೇ ಮಾರ್ಪಡಿಸುವ ಅಧಿಕಾರವುಂಟು. ರವೆ ಇಡ್ಲಿಯೇ ಇದಕ್ಕೆ ಸೊಗಸಾದ ನಿದರ್ಶನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯು ದುರ್ಲಭವಾದಾಗ ತಾವು ಇದನ್ನು ರೂಪಿಸಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಅಕ್ಕಿಯ ಬದಲು ರವೆ ಎಂದಷ್ಟೇ ಮಾಡಿದ್ದರೆ ತಟ್ಟೆಯಲ್ಲಿ ಉಪ್ಪಿಟ್ಟಿನ ಮುದ್ದೆ ಬರುತ್ತಿತ್ತು. ಇಡ್ಲಿಯನ್ನು ಉಬ್ಬಿಸುವುದು ಹಿಟ್ಟಿನೊಳಗಿನ ವಾಯು. ರಾತ್ರಿಯೆಲ್ಲ ಹುದುಗಿ ಹುಟ್ಟಬೇಕಾದ ಆ ವಾಯುವನ್ನು ಇಲ್ಲಿ ಮೊಸರಿನ ಹುಳಿಯೂ ಸೋಡವೂ ಕೂಡಿ ಕ್ಷಣಮಾತ್ರದಲ್ಲಿ ಒದಗಿಸುತ್ತವೆ. ಆದುದರಿಂದಲೇ ಸೋಡವನ್ನು ಬೆರೆಸಿದ ಮೇಲೆ ತಡಮಾಡದೆ ಹಬೆಗಿಡಬೇಕು. ವಸ್ತುವು ಬದಲಾಯಿತು, ಕೆಲಸವು ಬದಲಾಗಲಿಲ್ಲ.

ಮೊಟ್ಟೆಯಿಲ್ಲದ ಕೇಕಿನ ಮಾತೂ ಹೀಗೆಯೇ. ಮೊಟ್ಟೆಯು ಹಿಟ್ಟನ್ನು ಒಂದುಗೂಡಿಸುತ್ತದೆ, ಉಬ್ಬಿಸುತ್ತದೆ, ಮೃದುವಾಗಿಡುತ್ತದೆ. ಮೊಸರು, ಸೋಡಗಳಿಂದ ಉಬ್ಬುವಿಕೆಯೂ ಮೃದುತ್ವವೂ ಬಂದರೂ ಬಿಗಿಯು ಅಷ್ಟಾಗಿ ಬಾರದು. ಪೂರ್ತಿ ಆರಿದ ಮೇಲೆ ಕತ್ತರಿಸಿದರೆ ಪುಡಿಯಾಗುವುದು ತಪ್ಪುತ್ತದೆ. ಮೊಟ್ಟೆಯನ್ನು ತೆಗೆದುಬಿಡಿ ಎಂದು ಮಾತ್ರ ಹೇಳಿಕೊಟ್ಟ ಸ್ನೇಹಿತರು ಅರ್ಧ ವಿದ್ಯೆಯನ್ನು ಕೊಟ್ಟಂತಾಯಿತು.

ಇನ್ನು ಕೊಡುಕೊಳ್ಳುವ ಮರ್ಯಾದೆಯ ವಿಷಯ. ಪಡೆದವರು ಮೊದಲು ಒಂದು ಸಾರಿ ಹೇಳಿದಂತೆಯೇ ಮಾಡಿ ನೋಡಬೇಕು. ಅನಂತರ ಬದಲಾಯಿಸುವುದಾದರೆ ಒಂದು ಸಲಕ್ಕೆ ಒಂದನ್ನೇ; ಸಕ್ಕರೆಗೆ ಬೆಲ್ಲವನ್ನೂ ತುಪ್ಪಕ್ಕೆ ಎಣ್ಣೆಯನ್ನೂ ಒಂದೇ ದಿನ ಹಾಕಿದರೆ, ಕೆಟ್ಟುದಕ್ಕೆ ಯಾವುದು ಹೊಣೆಯೆಂಬುದು ತಿಳಿಯದು. ಕೊಟ್ಟವರ ಹೆಸರನ್ನು ಮೇಲೆ ಬರೆದು, ತಮ್ಮ ಮಾರ್ಪಾಟನ್ನು ಕೆಳಗೆ ಬೇರೆಯಾಗಿ ಬರೆಯುವುದು ಸಜ್ಜನಿಕೆ. ಕೊಡುವವರಾದರೋ ಒಂದು ಸಾಮಾನನ್ನು ಮರೆಮಾಡಿ ಉಳಿದುದನ್ನು ಹೇಳುವ ಚಾತುರ್ಯವನ್ನು ಬಿಡಬೇಕು. ಸಂಗೀತವನ್ನು ಹೇಳಿಕೊಡುವವರು ಒಂದು ಸ್ವರವನ್ನು ಬಚ್ಚಿಡುತ್ತಾರೆಯೆ?

ಹೀಗೆ ಬಚ್ಚಿಟ್ಟುದು ಯಾರಿಗೂ ಉಳಿಯುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರೊಬ್ಬರು ಕಣ್ಮರೆಯಾದ ದಿನವೇ ಒಂದು ಗೊಜ್ಜು, ಒಂದು ಉಪ್ಪಿನಕಾಯಿ, ಒಂದು ಹಬ್ಬದ ಭಕ್ಷ್ಯವೂ ಕಣ್ಮರೆಯಾಗಿದೆ. ಅವರಿಗೆ ಹೇಳಲು ಮನಸ್ಸಿಲ್ಲದಿರಲಿಲ್ಲ, ಕೇಳುವವರಿರಲಿಲ್ಲ. ‘ಕಣ್ಣಳತೆ’ ಎನ್ನುವವರ ಕಣ್ಣು ಅಳೆಯುವುದನ್ನು ನಾವು ಲೋಟದಿಂದ ಅಳೆದುಕೊಳ್ಳಬಹುದು. ಅವರು ಹಿಡಿಯಲ್ಲಿ ತೆಗೆದುಕೊಂಡುದನ್ನು ಪಾತ್ರೆಗೆ ಬೀಳುವ ಮುನ್ನ ಒಂದು ತಟ್ಟೆಯಲ್ಲಿ ಹಿಡಿದು ತೂಗಿದರೆ ಸಾಕು. ‘ಈಗೇಕೆ ಇಳಿಸಿದಿರಿ?’ ಎಂದು ಕೇಳಿದರೆ, ಒಂದು ಕ್ಷಣ ಯೋಚಿಸಿ ಅವರೇ ಗುರುತನ್ನು ಹೇಳುತ್ತಾರೆ. ಮನೆಯಲ್ಲಿ ಅಂಥ ಹಿರಿಯರಿದ್ದರೆ, ಮುಂದಿನ ಭಾನುವಾರ ಒಂದು ಪುಸ್ತಕ, ಒಂದು ಸೀಸದ ಕಡ್ಡಿಯೊಡನೆ ಅವರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತುಕೊಳ್ಳಿರೆಂಬುದು ನಮ್ಮ ಪ್ರಾರ್ಥನೆ. ಗಂಡಸರೂ ಕುಳಿತುಕೊಳ್ಳಬಹುದು, ಆ ಸಾರನ್ನು ಇಷ್ಟು ವರ್ಷ ಉಂಡವರಲ್ಲಿ ಅವರೂ ಸೇರಿದ್ದಾರಷ್ಟೆ.