ಬಾಯಾರಿದ ಮಕ್ಕಳ ಕತೆ ಬರೆಯುವುದು

ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಅಂದಕೂಡಲೆ ಪಂಜೆ, ರಾಜರತ್ನಂ, ಕುವೆಂಪು ಅವರ ಕಿಂದರಿಜೋಗಿ, ಕಾರಂತರ 'ಬಾಲಪ್ರಪಂಚ' ನೆನಪಾಗುತ್ತವೆ. ಇವರ ಸಾಧನೆ ಸಣ್ಣದಲ್ಲ. ಆದರೆ ಈ ಸಾಹಿತ್ಯದಲ್ಲಿ ರೂಢಿಗೆ ಬಂದ 'ಮಗು' ಯಾರ ಮನೆಯದು ಎಂಬ ಪ್ರಶ್ನೆಯನ್ನು ದಲಿತ ವಿಮರ್ಶೆ ಅಷ್ಟಾಗಿ ಎತ್ತಿಕೊಂಡಿಲ್ಲ. ಕೇರಿಯ ಮಗು ಕತೆಯೊಳಕ್ಕೆ ಬಂದರೂ 'ಅಯ್ಯೋ ಪಾಪ' ಅನ್ನಿಸಿಕೊಳ್ಳೋದಕ್ಕೇ ಬರುತ್ತದೆ. ಒಬ್ಬ ಒಳ್ಳೆ ಮೇಷ್ಟ್ರು ಸಿಗುತ್ತಾರೆ, ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಾನೆ, ಕತೆ ಮುಗೀತು. ಮಕ್ಕಳಿಗೊಂದು ಕತೆ ಬರೀರಿ ಅಂದರೆ ನನ್ನ ವಿದ್ಯಾರ್ಥಿಗಳು, ಅದರಲ್ಲೂ ಕೇರಿಯಿಂದಲೇ ಬಂದವರು, ಇದೇ ಅಚ್ಚಿನಲ್ಲಿ ಹೊಯ್ದು ತರುತ್ತಾರೆ. ಅವರು ಓದಿದ್ದೇ ಅದು.

ಈ ಅಚ್ಚನ್ನು ಒಡೆಯಲು ನಾನು ಪಾಠ ಮಾಡುವುದು ಕತೆಯೇ ಅಲ್ಲದ, ಮಕ್ಕಳಿಗೆಂದು ಬರೆಯದ ಒಂದು ಬರಹವನ್ನು. ಅದು ಅಂಬೇಡ್ಕರರ 'ವೇಯ್ಟಿಂಗ್ ಫಾರ್ ಎ ವೀಸಾ'. ಅವರು ಹೋದ ಎಷ್ಟೋ ವರ್ಷಗಳ ಮೇಲೆ, 1990ರಲ್ಲಿ, ಪುಸ್ತಿಕೆಯಾಗಿ ಬಂತು. ಅಸ್ಪೃಶ್ಯತೆ ಅಂದರೇನೆಂದು ತಿಳಿಯದ ವಿದೇಶಿಯರನ್ನು ಮುಂದಿಟ್ಟುಕೊಂಡು ಬರೆದದ್ದು. ನಮಗೆ ಮುಖ್ಯವಾದದ್ದು ಇದೇ. ಮಗುವೂ ಈ ಸಮಾಜಕ್ಕೆ ಹೊಸದಾಗಿ ಬಂದ ವಿದೇಶಿಯೇ ಅಲ್ಲವೆ? ಅದಕ್ಕೆ ಇಲ್ಲಿನ ಕಟ್ಟಳೆಗಳು ಗೊತ್ತಿಲ್ಲ. ಗೊತ್ತಿಲ್ಲದವರಿಗೆ ವ್ಯಾಖ್ಯಾನ ಕೊಟ್ಟರೆ ಪ್ರಯೋಜನವಿಲ್ಲ, ನಡೆದದ್ದನ್ನು ನಡೆದ ಕ್ರಮದಲ್ಲೇ ತೋರಿಸಬೇಕು.

ಮೊದಲ ಭಾಗ 1901ರದು. ಸಾತಾರದಲ್ಲಿದ್ದ ಭೀಮರಾವ್, ಅವರ ಅಣ್ಣ, ಅಕ್ಕನ ಮಕ್ಕಳು ದೂರದೂರಿನಲ್ಲಿ ಕೆಲಸದಲ್ಲಿದ್ದ ಅಪ್ಪನನ್ನು ನೋಡಲು ಹೊರಡುತ್ತಾರೆ. ಮೊದಲು ಬರುವುದು ಸಂಭ್ರಮ. ಹೊಸ ಅಂಗಿ, ಥಳಥಳಿಸುವ ಟೋಪಿ, ರೇಷ್ಮೆಯಂಚಿನ ಪಂಚೆ, ರೈಲು. ನಾವಾಗಿದ್ದರೆ ಹರಕು ಚಡ್ಡಿಯಿಂದ ಶುರು ಮಾಡುತ್ತಿದ್ದೆವು! ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಕಾರಣ ಜಾತಿಯಲ್ಲ, ಅಪ್ಪನ ಆಳು ಕಾಗದವನ್ನು ತಲುಪಿಸಿರಲಿಲ್ಲ, ಅಷ್ಟೆ. ಯಾವ ಮಗುವಿಗಾದರೂ ಬರಬಹುದಾದ ತೊಂದರೆ. ಹಾಗಾಗಿ ಯಾವ ಕೇರಿಯ, ಯಾವ ಊರಿನ ಓದುಗ ಹುಡುಗನೂ ಅಲ್ಲಿಯವರೆಗೆ ಅವರ ಜೊತೆಯಲ್ಲೇ ನಿಂತಿರುತ್ತಾನೆ. ಸ್ಟೇಷನ್ ಮಾಸ್ತರನೂ ಕನಿಕರದಿಂದಲೇ ವಿಚಾರಿಸುತ್ತಾನೆ. ನೀವು ಯಾರು ಅಂದಾಗ ಹುಡುಗ ಏನೂ ಯೋಚಿಸದೆ ಮಹಾರರು ಅಂದುಬಿಡುತ್ತಾನೆ. ಮಾಸ್ತರನ ಮುಖ ಬದಲಾಗುತ್ತದೆ, ಸುಮ್ಮನೆ ಒಳಗೆ ಹೋಗುತ್ತಾನೆ. ಆ ಮುಖ ಏಕೆ ಬದಲಾಯಿತು ಅಂತ ಬರಹಗಾರ ಅಲ್ಲಿ ನಿಂತು ಭಾಷಣ ಮಾಡುವುದಿಲ್ಲ.

ಆಮೇಲೆ ಗಾಡಿ. ಯಾರೂ ಬರಲೊಪ್ಪರು. ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪುತ್ತಾನೆ, ಆದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ದುಡ್ಡಿಗೆ ಮೈಲಿಗೆಯಿಲ್ಲ ಅನ್ನೋದನ್ನು ಹತ್ತು ವರ್ಷದ ಓದುಗ ತಾನೇ ಲೆಕ್ಕ ಹಾಕುತ್ತಾನೆ. ಬುತ್ತಿಯಲ್ಲಿ ಬೇಕಾದಷ್ಟು ಊಟವಿದೆ, ನೀರಿಲ್ಲ. ಸಿಕ್ಕ ನೀರಲ್ಲಿ ದನದ ಗಂಜಲ, ಸಗಣಿ. ರಾತ್ರಿ ಸುಂಕದ ಕಟ್ಟೆಯಲ್ಲಿ ಮುಸಲ್ಮಾನರೆಂದು ಹೇಳಿಕೊಂಡರೂ ನೀರು ಹುಟ್ಟುವುದಿಲ್ಲ. ತುಂಬಿದ ಬುತ್ತಿ ಬಿಚ್ಚದೆ ಹಸಿದು ಮಲಗುವ ಮಕ್ಕಳು! ಬಡತನದ ಕತೆ ಬೇರೆ, ಜಾತಿಯ ಕತೆ ಬೇರೆ ಎಂಬುದನ್ನು ಈ ಬುತ್ತಿ ಹೇಳುವಷ್ಟು ನಮ್ಮ ಸೈದ್ಧಾಂತಿಕ ಲೇಖನಗಳು ಹೇಳಿಲ್ಲ.

2011ರಲ್ಲಿ ಬಂದ 'ಭೀಮಾಯಣ' ಇದನ್ನೇ ಚಿತ್ರಕತೆ ಮಾಡಿತು. ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದರು ಒಳ್ಳೆ ಮಾತನ್ನು ಹಕ್ಕಿಯಾಕಾರದಲ್ಲೂ ಕೆಟ್ಟ ಮಾತನ್ನು ಚೇಳಿನ ಕೊಂಡಿಯಲ್ಲೂ ಬಿಡಿಸಿದರು. ಮಕ್ಕಳಿಗೆ ಅಡಿಟಿಪ್ಪಣಿ ಬೇಕಾಗಲಿಲ್ಲ.

ಹದಿಹರೆಯದವರ ಮಾತು ಬೇರೆ. ಆ ವಯಸ್ಸಿಗೆ ಕಟ್ಟಳೆ ಗೊತ್ತಾಗಿರುತ್ತದೆ. ಅಲ್ಲಿ ಕತೆ ನಡೆಸುವುದು ನಾಚಿಕೆ. ನಾಗರಾಜ ಮಂಜುಳೆ ಅವರ 'ಫಂಡ್ರಿ' (2013) ಎಂಬ ಮರಾಠಿ ಸಿನಿಮಾದ ಜಬ್ಯಾ, ಹಂದಿ ಹಿಡಿಯುವುದನ್ನು ತಾನು ಮೆಚ್ಚಿದ ಹುಡುಗಿ ಎಲ್ಲಿ ನೋಡಿಬಿಡುತ್ತಾಳೋ ಅಂತ ಗೋಡೆ ಮರೆಯಲ್ಲಿ ಅವಿತುಕೊಳ್ಳುತ್ತಾನೆ. ಹೊಡೆತಕ್ಕಿಂತ ಆ ಕಣ್ಣಿಗೆ ಬೀಳೋದೇ ಅವನಿಗೆ ದೊಡ್ಡ ಭಯ. ಕೊನೆಗೆ ಅವನು ಎಸೆದ ಕಲ್ಲು ನೇರ ನೋಡುಗರ ಕಡೆಗೇ ಬರುತ್ತದೆ, ಸಿನಿಮಾ ಅಲ್ಲಿಗೇ ನಿಲ್ಲುತ್ತದೆ. ನಾವು ಇನ್ನೊಂದು ಪುಟ ಬರೆದು ಪೊಲೀಸರನ್ನೋ ಪಂಚಾಯ್ತಿಯನ್ನೋ ಕರೆಸುತ್ತಿದ್ದೆವು.

ಇನ್ನು ಭಾಷೆ. ನಿರೂಪಣೆ ಶಿಷ್ಟದಲ್ಲಿ, ಪಾತ್ರಗಳ ಮಾತು ಮಾತ್ರ ಕೇರಿಯ ಆಡುನುಡಿಯಲ್ಲಿ ಎಂಬುದೊಂದು ಚಾಳಿಯಿದೆ. ಇದರಿಂದ ಮಗು ಆಡುವ ಮಾತು ತಮಾಷೆಯ ವಸ್ತುವಾಗುತ್ತದೆ, ಹೇಳುವ ದನಿ ಮಾತ್ರ ಊರ ಗೌಡನದು. ದೇವನೂರ ಮಹಾದೇವ 'ಕುಸುಮಬಾಲೆ'ಯಲ್ಲಿ ನಿರೂಪಣೆಯನ್ನೇ ಆ ನುಡಿಗೆ ಒಪ್ಪಿಸಿದರು. ಎಳೆಯ ಓದುಗರಿಗೆ ಅಷ್ಟು ದಟ್ಟ ಬೇಡ, ಆದರೆ ಕತೆ ಹೇಳುವವನೂ 'ಅವ್ವ' ಅನ್ನಬೇಕು, 'ತಾಯಿ' ಅಂದರೆ ದೂರವಾಯಿತು. ಬರೆದದ್ದನ್ನು ಪತ್ರಿಕೆಗೆ ಕಳಿಸುವ ಮುಂಚೆ ಕೇರಿಯ ಹತ್ತು ಮಕ್ಕಳೆದುರು ಜೋರಾಗಿ ಓದಿ ಅಂತ ಹೇಳುತ್ತೇನೆ. ಎಲ್ಲಿ ಅವು ಮಿಸುಕಾಡಿ ಎದ್ದು ಹೋಗುತ್ತವೋ ಆ ಸಾಲಿಗೆ ಗೆರೆ ಎಳೆಯಿರಿ. ಸಾಮಾನ್ಯವಾಗಿ ಅವು ಏಳುವುದು ಒಳ್ಳೆ ಮೇಷ್ಟ್ರು ಬರುವ ಹೊತ್ತಿಗೇ.